ಹಳೆಯ ಕಾರು, ಹೊಸ ಗಣಿ

ಕೇಂದ್ರ ಸರ್ಕಾರ 2021ರ ಆಗಸ್ಟಿನಲ್ಲಿ ವಾಹನ ಗುಜರಿ ನೀತಿಯನ್ನು ಪ್ರಕಟಿಸಿದಾಗ ಅದನ್ನು ಸ್ವಾಗತಿಸಿದವರಲ್ಲಿ ಮೋಟಾರು ಕಂಪೆನಿಗಳ ಜೊತೆಗೆ ಪರಿಸರಾಸಕ್ತರೂ ಇದ್ದರು. ಹಳೆಯ ವಾಹನ ಹೊಗೆಯುಗುಳುತ್ತದೆ, ಹೊಸದು ಅಷ್ಟು ಉಗುಳುವುದಿಲ್ಲ. ಆದ್ದರಿಂದ ಹಳೆಯದನ್ನು ಮುರಿದು ಹೊಸದನ್ನು ಕೊಳ್ಳುವುದೇ ಪರಿಸರಸ್ನೇಹಿ ಕಾರ್ಯ ಎಂಬ ತರ್ಕ ಎರಡೂ ಪಾಳಯಗಳಿಗೆ ಒಪ್ಪಿಗೆಯಾಯಿತು. ಕಾರು ಮಾರುವವರಿಗೂ ಕಾಡು ಉಳಿಸುವವರಿಗೂ ಒಂದೇ ಮಾತು ರುಚಿಸಿದಾಗ ಆ ಮಾತನ್ನು ತಕ್ಕಡಿಯಲ್ಲಿಟ್ಟು ನೋಡುವುದು ಒಳ್ಳೆಯದು. ಮಲೆನಾಡಿನಲ್ಲಂತೂ ಅದನ್ನು ಯಾರೂ ತೂಗಿದಂತೆ ಕಾಣುವುದಿಲ್ಲ.

ಕಾರು ಎಲ್ಲಿಂದ ಬರುತ್ತದೆ ಎಂಬುದನ್ನು ಮಲೆನಾಡಿಗರಿಗೆ ಹೊಸದಾಗಿ ತಿಳಿಸಬೇಕಾಗಿಲ್ಲ. ತುಂಗೆ, ಭದ್ರೆ, ನೇತ್ರಾವತಿಯರ ತವರಾದ ಕುದುರೆಮುಖದ ಮೈಯನ್ನು ಕಬ್ಬಿಣದ ಅದಿರಿಗಾಗಿ ಕಾಲು ಶತಮಾನ ಕೆರೆಯಲಾಯಿತು. ಅದಿರಿನ ರಾಡಿ ಕೊಳವೆಯಲ್ಲಿ ಘಟ್ಟವಿಳಿದು ಮಂಗಳೂರು ಸೇರಿತು. ತ್ಯಾಜ್ಯ ಮಾತ್ರ ಲಕ್ಯಾ ಅಣೆಕಟ್ಟೆಯ ಹಿಂದೆಯೇ ಉಳಿಯಿತು. 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ನೀಡಿದ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಅಲ್ಲಿನ ಗಣಿಗಾರಿಕೆ ನಿಂತಿತು. ಆ ಹೋರಾಟದಲ್ಲಿ ಕೂಗು ಹಾಕಿದ ಎಷ್ಟೋ ಮಂದಿಯ ಅಂಗಳದಲ್ಲಿ ಅಂದಿನಿಂದ ಇಂದಿನವರೆಗೆ ಮೂರು ಹೊಸ ಕಾರುಗಳು ಬಂದು ಹೋಗಿವೆ. ಕುದುರೆಮುಖದಲ್ಲಿ ಗಣಿ ನಿಂತಿತೇ ಹೊರತು ಕಬ್ಬಿಣದ ಹಸಿವು ನಿಲ್ಲಲಿಲ್ಲ. ಸಂಡೂರು-ಹೊಸಪೇಟೆಯ ಗುಡ್ಡಗಳಿಗೆ ಏನಾಯಿತು ಎಂಬುದು 2011ರ ಲೋಕಾಯುಕ್ತ ವರದಿಯಲ್ಲಿ ದಾಖಲಾಗಿದೆ. ತನ್ನ ಗುಡ್ಡ ಉಳಿಯಲಿ, ಕಾರಿನ ತಗಡು ಬೇರೆಯವರ ಗುಡ್ಡದಿಂದ ಬರಲಿ ಎಂಬುದು ಪರಿಸರವಾದವೆನಿಸಲಾರದು.

ಈಗ ಲೆಕ್ಕಕ್ಕೆ ಬರಬಹುದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಡಿಕೆ ತೋಟದ ಮನೆಯೊಂದರ ಹಳೆಯ ಮಾರುತಿ 800 ವರ್ಷಕ್ಕೆ 3,000 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳೋಣ: ಪೇಟೆಗೆ, ಸೊಸೈಟಿಗೆ, ಆಸ್ಪತ್ರೆಗೆ, ಮದುವೆ ಮುಂಜಿಗಳಿಗೆ. ಲೀಟರಿಗೆ 15 ಕಿಲೋಮೀಟರಿನಂತೆ 200 ಲೀಟರ್ ಬೇಕು. ಹೊಮ್ಮುವುದು 460 ಕಿಲೋಗ್ರಾಂ. ಲೀಟರಿಗೆ 20 ಕೊಡುವ ಹೊಸ ಕಾರಿಗೆ 150 ಲೀಟರ್ ಸಾಕು, ಹೊಮ್ಮುವುದು 345. ವರ್ಷದ ಉಳಿತಾಯ 115 ಕಿಲೋಗ್ರಾಂ. ಆದರೆ ಆ ಹೊಸ ಕಾರು ಕಾರ್ಖಾನೆಯ ಬಾಗಿಲು ದಾಟುವ ಮೊದಲೇ ಉಕ್ಕು, ಅಲ್ಯೂಮಿನಿಯಂ, ಗಾಜು, ಪ್ಲಾಸ್ಟಿಕ್, ಬಣ್ಣ ಎಲ್ಲ ಸೇರಿ 5 ಟನ್ನಿನ ಆಸುಪಾಸು ಇಂಗಾಲ ಖರ್ಚಾಗಿರುತ್ತದೆ ಎಂಬುದು ಸಾಮಾನ್ಯ ಅಂದಾಜು. ಈ ಸಾಲವನ್ನು ವರ್ಷಕ್ಕೆ 115ರಂತೆ ತೀರಿಸಲು 43 ವರ್ಷ ಹಿಡಿಯುತ್ತದೆ. ಅಂದಾಜು ತಪ್ಪೆಂದು ಅದನ್ನು ಅರ್ಧಕ್ಕೆ ಇಳಿಸಿದರೂ 21 ವರ್ಷ ದಾಟುತ್ತದೆ. ಅಷ್ಟರೊಳಗೆ ಆ ಹೊಸ ಕಾರಿಗೂ ಗುಜರಿಯ ಕರೆ ಬಂದಿರುತ್ತದೆ.

ವಿದ್ಯುತ್ ಕಾರಿನ ಮಾತೂ ಇದೆ. ಅದಕ್ಕೆ ಹಾಕುವ ವಿದ್ಯುತ್ತು ಸಂಪೂರ್ಣ ನಿರ್ಮಲವೆಂದೇ ಭಾವಿಸಿದರೂ (ಶರಾವತಿ ಕೊಳ್ಳದಲ್ಲಿ ಮನೆಮಠ ಕಳೆದುಕೊಂಡವರು ಹಾಗೆ ಭಾವಿಸುವುದು ಕಷ್ಟ) ವರ್ಷಕ್ಕೆ 460 ಕಿಲೋಗ್ರಾಂನಂತೆ 5 ಟನ್ ತೀರಲು 11 ವರ್ಷ ಬೇಕು. ಬ್ಯಾಟರಿ ತಯಾರಿಕೆಯ ಬಾಬನ್ನು ಇದರಲ್ಲಿ ಸೇರಿಸಿಲ್ಲ. ಆ ಬ್ಯಾಟರಿಗೆ ಕಂಪೆನಿಗಳು ಸಾಮಾನ್ಯವಾಗಿ ಕೊಡುವ ಖಾತರಿ 8 ವರ್ಷ.

ಲೆಕ್ಕದ ಇನ್ನೊಂದು ಮಗ್ಗುಲನ್ನು ಮುಚ್ಚಿಡುವುದು ಸಲ್ಲ. ವರ್ಷಕ್ಕೆ 20,000 ಕಿಲೋಮೀಟರ್ ಓಡುವ ಬಾಡಿಗೆ ವಾಹನ ಇದೇ ಸಾಲವನ್ನು ಆರೇಳು ವರ್ಷಗಳಲ್ಲಿ ತೀರಿಸುತ್ತದೆ. ಅಂಥ ವಾಹನವನ್ನು ಬದಲಿಸುವುದೇ ಸರಿ. ಇಂಗಾಲವೊಂದೇ ಮಾಲಿನ್ಯವೂ ಅಲ್ಲ. ಹಳೆಯ ಎಂಜಿನ್ನಿನ ಮಸಿ, ಸಾರಜನಕದ ಆಕ್ಸೈಡುಗಳು ಶ್ವಾಸಕೋಶಕ್ಕೆ ನೇರವಾಗಿ ತಾಗುತ್ತವೆ. ಲಕ್ಷಾಂತರ ವಾಹನಗಳು ಒಂದೇ ಬಟ್ಟಲಿನಲ್ಲಿ ಉಸಿರುಗಟ್ಟಿಸುವ ದೆಹಲಿಯಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ ಕಟ್ಟುಪಾಡು ಹಾಕಿದ್ದಕ್ಕೂ, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದದ್ದಕ್ಕೂ ಕಾರಣವಿತ್ತು. ಅಲ್ಲಿಯೂ 2025ರ ಜುಲೈ 1ರಿಂದ ಇಂಥ ವಾಹನಗಳಿಗೆ ಇಂಧನ ಕೊಡಕೂಡದೆಂಬ ಕ್ರಮ ಕೆಲವೇ ದಿನಗಳಲ್ಲಿ ಕೈಬಿಟ್ಟುಹೋಯಿತು. ದೆಹಲಿಯ ಗಾಳಿಗೆ ಹೊಲಿದ ಅಂಗಿಯನ್ನು ಹತ್ತು ಮನೆಗಳ ಹಳ್ಳಿಗೆ ತೊಡಿಸಲು ಹೊರಟವರನ್ನು ಪ್ರಶ್ನಿಸಬೇಕಾಗಿದೆ.

ಖಾಸಗಿ ವಾಹನಕ್ಕೆ ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಅದನ್ನು ಮುರಿಯಬೇಕೆಂದು ಗುಜರಿ ನೀತಿ ಹೇಳುವುದಿಲ್ಲ. ಯೋಗ್ಯತಾ ಪರೀಕ್ಷೆಯಲ್ಲಿ ಸೋತರೆ ಮಾತ್ರ ಎನ್ನುತ್ತದೆ. ಕಾಗದದ ಮೇಲೆ ಇದು ನ್ಯಾಯವೇ. ಆದರೆ ಬಾಗಿಲಲ್ಲಿ ಬಿಟ್ಟದ್ದನ್ನು ಕಿಟಕಿಯಲ್ಲಿ ಹಿಡಿಯಲಾಗಿದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರಿಗೆ ಅದು 10,000ಕ್ಕೆ ಏರಿತು. ಎಷ್ಟು ಓಡಿದೆ, ಹೇಗಿದೆ ಎಂದು ಈ ಶುಲ್ಕ ಕೇಳುವುದಿಲ್ಲ. ಹುಟ್ಟಿದ ವರ್ಷವೊಂದನ್ನೇ ಕೇಳುತ್ತದೆ. ಮುರಿದವರಿಗೆ ಕೊಡುವ ಉತ್ತೇಜನವನ್ನಾದರೂ ನೋಡಬೇಕು: ರಸ್ತೆ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ, ಕಂಪೆನಿಗಳಿಂದ ಶೇ. 5ರ ಕಡಿತದ ಸಲಹೆ, ಎರಡೂ ಹೊಸ ವಾಹನ ಕೊಂಡರೆ ಮಾತ್ರ. ಹಳೆಯದನ್ನು ಮುರಿದು ಇನ್ನು ಮುಂದೆ ಬಸ್ಸಿನಲ್ಲಿ ಓಡಾಡುತ್ತೇನೆ ಎಂದವನಿಗೆ ತಗಡಿನ ಬೆಲೆಯಷ್ಟೇ ಗಟ್ಟಿ. ಪರಿಸರದ ಹೆಸರಿನಲ್ಲಿ ಬಂದ ನೀತಿಯ ಹೊಟ್ಟೆಯಲ್ಲಿ ಏನಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಘಟ್ಟದ ಮೇಲೆ ಕಾರನ್ನು ಕೊಲ್ಲುವುದು ವಯಸ್ಸಿಗಿಂತ ಹೆಚ್ಚಾಗಿ ನೀರು. ಕೆಂಪು ಮಣ್ಣು ಮಡ್‌ಗಾರ್ಡಿನ ಒಳಮೈಗೆ ಮೆತ್ತಿಕೊಂಡು ಜೂನ್‌ನಿಂದ ಅಕ್ಟೋಬರಿನವರೆಗೆ ಹಸಿಯಾಗಿಯೇ ಇರುತ್ತದೆ. ಅದರಡಿಯಲ್ಲಿ ತಗಡು ತೂತಾಗುತ್ತದೆ. ಬಾಗಿಲುಗಳ ತಳದಲ್ಲಿ ನೀರಿಳಿಯಲೆಂದು ಬಿಟ್ಟ ಸಣ್ಣ ಕಂಡಿಗಳು ಎಲೆಯ ಪುಡಿಯಿಂದ ಮುಚ್ಚಿಹೋದರೆ ಬಾಗಿಲೇ ಬಾನಿಯಾಗುತ್ತದೆ. ಇದಕ್ಕೆ ಬೇಕಾದ ಉಪಕರಣ ಒಂದು ತೆಂಗಿನ ಗರಿಯ ಕಡ್ಡಿ. ಮಳೆಗಾಲದಲ್ಲಿ ಬಿಸಿಲು ಬಿದ್ದ ದಿನ ಅಡಿಭಾಗಕ್ಕೆ ಪೈಪಿನಿಂದ ನೀರು ಹಾಯಿಸಿ ಮಣ್ಣನ್ನು ಇಳಿಸಿ ಒಣಗಲು ಬಿಟ್ಟರೆ ಟಿಂಕರಿಂಗಿಗೆ ಹೋಗುವ ಹಣದ ದೊಡ್ಡ ಪಾಲು ಉಳಿಯುತ್ತದೆ.

ಬೆಳೆಗಾರರೇ ತಂದುಕೊಳ್ಳುವ ರೋಗವೂ ಒಂದಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವವರೆಲ್ಲ ಅದರಲ್ಲಿ ಕತ್ತಿಯನ್ನು ಅದ್ದಿ ಪರೀಕ್ಷಿಸುತ್ತಾರೆ. ಕತ್ತಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಅಲ್ಲಿ ನಡೆಯುವುದೇನು? ಮೈಲುತುತ್ತದ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಅಷ್ಟೇ ಕಬ್ಬಿಣ ಕರಗಿ ನೀರಿಗೆ ಸೇರುತ್ತದೆ. ಮೈಲುತುತ್ತದ ಚೀಲವನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಬಂದು, ಉದುರಿದ ಹರಳುಗಳನ್ನು ಗುಡಿಸದೆ ಬಿಟ್ಟಾಗ ಕಾರಿನ ನೆಲದ ಮೇಲೆ ನಡೆಯುವುದೂ ಇದೇ ಕತ್ತಿಯ ಪರೀಕ್ಷೆ, ಮಳೆಗಾಲ ಪೂರ್ತಿ. ಪೊಟ್ಯಾಷ್ ಗೊಬ್ಬರದ ಕ್ಲೋರೈಡೂ ತುಕ್ಕಿಗೆ ಒಳ್ಳೆಯ ಗೆಳೆಯ. ಒಂದು ಪ್ಲಾಸ್ಟಿಕ್ ಬುಟ್ಟಿ ಇಟ್ಟುಕೊಂಡರೆ ಮುಗಿಯುವ ಮಾತಿಗೆ ಐದು ವರ್ಷದ ಆಯುಷ್ಯ ಹೋಗುತ್ತದೆ.

ಎಂಜಿನ್ನಿನ ಕೆಲಸಗಳಲ್ಲಿ ಮನೆಯಲ್ಲೇ ಆಗುವಂಥವು ಜನ ಹೆದರುವಷ್ಟು ಕಠಿಣವಾಗಿಲ್ಲ. ಮಾರುತಿ 800ಕ್ಕೆ ಸುಮಾರು 3 ಲೀಟರ್ ಆಯಿಲ್, ಒಂದು ಫಿಲ್ಟರ್, ಒಂದು ಪಾನಾ ಸಾಕು. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡು, ಪ್ಲಗ್ಗಿನ ಸಂದು ಅಗಲವಾಗಿ, ಟೈರಿನಲ್ಲಿ ಗಾಳಿ ಕಡಿಮೆಯಾಗಿದ್ದರೆ ಪೆಟ್ರೋಲ್ ಸೋರಿದಂತೆ ಖರ್ಚಾಗುತ್ತದೆ. ಕಾರ್ಬುರೇಟರಿನ ಮಿಶ್ರಣ ತಪ್ಪಿದರೆ ಹೊಗೆ ಕಪ್ಪಾಗುತ್ತದೆ. ಹಳೆಯ ಕಾರು ಎಂದು ಬೈಸಿಕೊಳ್ಳುವ ಎಷ್ಟೋ ಕಾರುಗಳು ಕೇವಲ ನೋಡಿಕೊಳ್ಳದ ಕಾರುಗಳು. ಈ 796 ಸಿ.ಸಿ. ಎಂಜಿನ್ 1983ರಿಂದ ಮೊದಲ್ಗೊಂಡು 800ರಲ್ಲಿಯೂ, 2019ರವರೆಗೆ ತಯಾರಾದ ಓಮ್ನಿಯಲ್ಲಿಯೂ ಇದ್ದುದರಿಂದ ಬಿಡಿಭಾಗಗಳು ತಾಲ್ಲೂಕು ಪೇಟೆಗಳಲ್ಲೂ ದೊರೆಯುತ್ತವೆ.

ಬ್ರೇಕಿನ ವಿಷಯದಲ್ಲಿ ಮಾತ್ರ ಕೈಬಿಗಿ ಸಲ್ಲದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ 140 ಡಿಗ್ರಿ ಸಾಕು. ಆಗುಂಬೆಯಂಥ ಘಟ್ಟವನ್ನು ತುಂಬಿದ ಕಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇಳಿಯುವಾಗ ಚಕ್ರದ ಬಳಿ ಏಳುವ ಶಾಖಕ್ಕೆ ಅದು ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ವರ್ಷದ ನಾಲ್ಕೈದು ತಿಂಗಳು ಗೋಡೆಯೇ ಬೆವರುವ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸದಿರುವುದು ಉಳಿತಾಯವಲ್ಲ. ಕಲಿತವರ ಕಣ್ಣೆದುರಿನಲ್ಲಿ ಎರಡು ಸಲ ಮಾಡದೆ ಈ ಕೆಲಸಕ್ಕೆ ಒಬ್ಬರೇ ಇಳಿಯಬಾರದು. ಬರೀ ಜಾಕಿನ ಮೇಲೆ ನಿಂತ ಕಾರಿನಡಿಗೆ ಯಾರೂ ತೂರಬಾರದು. ಎರಡು ಗಟ್ಟಿ ಮರದ ದಿಮ್ಮಿಗಳನ್ನಾದರೂ ಕೊಟ್ಟುಕೊಳ್ಳಬೇಕು.

ಹಣದ ಲೆಕ್ಕ ಇಷ್ಟೇ. ಹೊಸ ಕಾರಿನಿಂದ ವರ್ಷಕ್ಕೆ ಉಳಿಯುವ ಪೆಟ್ರೋಲ್ 50 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೆ 5,000. ಶೇ. 9ರಂತೆ ಐದು ವರ್ಷಕ್ಕೆ ಪಡೆದ 5 ಲಕ್ಷದ ಸಾಲಕ್ಕೆ ಮೊದಲ ವರ್ಷದ ಬಡ್ಡಿಯೇ 40,000 ದಾಟುತ್ತದೆ. ಅಡಿಕೆ ಬೆಲೆ ಏರಿದ ವರ್ಷ ತಂದ ಕಾರು ಕೊಳೆರೋಗದ ವರ್ಷ ತೋಟವನ್ನು ಅಡವಿಡಿಸಿದ್ದನ್ನು ಕಂಡವರು ಮಲೆನಾಡಿನಲ್ಲಿ ಕಡಿಮೆಯಿಲ್ಲ.

ರಿಪೇರಿಯ ವಿದ್ಯೆ ಜನರ ಕೈಯಿಂದ ಜಾರುತ್ತಿರುವುದು ಆಕಸ್ಮಿಕವಾಗಿ ಅಲ್ಲ. ಅಸಲಿ ಬಿಡಿಭಾಗಗಳನ್ನೂ, ರಿಪೇರಿಯ ಕೈಪಿಡಿಗಳನ್ನೂ, ದೋಷ ಪತ್ತೆಯ ಯಂತ್ರಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪೆನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪೆನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗೆಂದು ಜಾಲತಾಣವೊಂದನ್ನು ತೆರೆಯಿತು. ವಾಹನಗಳೂ ಕೃಷಿ ಯಂತ್ರಗಳೂ ಅದರಲ್ಲಿವೆ. ಜಾಲತಾಣ ಕಾಯಿದೆಯಲ್ಲ. ಇಂದು ಕಾರಿನ ಬಾನೆಟ್ಟಿಗೆ ಬೀಗ ಹಾಕಿದವರು ನಾಳೆ ಟಿಲ್ಲರಿಗೂ ಕಳೆ ಕತ್ತರಿಸುವ ಯಂತ್ರಕ್ಕೂ ಹಾಕುತ್ತಾರೆ. ಬೀಜದ ಸ್ವಾತಂತ್ರ್ಯಕ್ಕಾಗಿ ಬೀದಿಗಿಳಿದ ಸಂಘಟನೆಗಳಿಗೆ ಪಾನಾದ ಸ್ವಾತಂತ್ರ್ಯ ಏಕೆ ಕಾಣಲಿಲ್ಲವೋ!

ಇಷ್ಟೆಲ್ಲ ಹೇಳಿದ ಮೇಲೆ ಮಲೆನಾಡಿನ ಅಂಗಳದ ಕಡೆಗೂ ನೋಡಲೇಬೇಕು. ಬಳಸಿದ ಎಂಜಿನ್ ಆಯಿಲನ್ನು ಮಳೆಗೆ ಮೊದಲು ಕಾರಿನ ಅಡಿಗೆ ಬಳಿಯುವುದು, ಬೇಲಿಯ ಗೂಟಕ್ಕೆ ಗೆದ್ದಲಿನ ಔಷಧವೆಂದು ಹಚ್ಚುವುದು, ಮಿಕ್ಕದ್ದನ್ನು ಹಿತ್ತಿಲ ಚರಂಡಿಗೆ ಚೆಲ್ಲುವುದು ಮನೆಮನೆಯ ರೂಢಿ. ಮೊದಲ ಎರಡು ಮಳೆಗೆ ಅದು ತೊಳೆದು ಗದ್ದೆಗೂ ಹಳ್ಳಕ್ಕೂ ಇಳಿಯುತ್ತದೆ. ಎಂಜಿನ್ನಿನಲ್ಲಿ ಸವೆದ ಲೋಹವೂ ಸುಟ್ಟ ಎಣ್ಣೆಯ ವಿಷಗಳೂ ಅದರಲ್ಲಿರುತ್ತವೆ. ಅಡಿಭಾಗಕ್ಕೆ ಬಳಿಯಲು ಬೇರೆ ಲೇಪನಗಳಿವೆ. ಬಳಸಿದ ಆಯಿಲನ್ನು ಕ್ಯಾನಿನಲ್ಲಿ ತುಂಬಿಟ್ಟು, ಅದನ್ನು ಸಂಗ್ರಹಿಸಿ ಮರುಶುದ್ಧೀಕರಣಕ್ಕೆ ಕಳಿಸುವ ಗ್ಯಾರೇಜಿಗೆ ಕೊಡಬೇಕು. ರೇಡಿಯೇಟರಿನ ಕೂಲಂಟ್ ಸಿಹಿಯಾಗಿರುತ್ತದೆ. ನೆಲದ ಮೇಲೆ ಬಿಟ್ಟರೆ ನಾಯಿ ನೆಕ್ಕುತ್ತದೆ, ಕರು ನೆಕ್ಕುತ್ತದೆ, ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಕೊಟ್ಟಿಗೆಯ ಮೂಲೆಗೆಸೆದ ಟೈರಿನಲ್ಲಿ ಡೆಂಗೆಯ ಸೊಳ್ಳೆ ಮರಿ ಮಾಡುತ್ತದೆ. ಇವನ್ನು ಸರಿಪಡಿಸಿಕೊಳ್ಳದೆ ಹಳೆಯ ಕಾರಿನ ಪರ ವಾದಿಸುವವರ ಮಾತಿಗೆ ತೂಕ ಬರುವುದಿಲ್ಲ.

ಮತ್ತು ಕೆಲವು ವಾಹನಗಳು ಹೋಗಲೇಬೇಕು. ಚಾಸಿಯ ಮುಖ್ಯ ಅಂಗಗಳಿಗೆ ಸ್ಕ್ರೂಡ್ರೈವರಿನಿಂದ ಚುಚ್ಚಿದರೆ ಒಳಕ್ಕೆ ಹೋಗುವಷ್ಟು ತುಕ್ಕು ಹಿಡಿದಿದ್ದರೆ, ಆಯಿಲ್ ಕುಡಿದು ನೀಲಿ ಹೊಗೆ ಬಿಡುವ ಎಂಜಿನ್ನನ್ನು ಬಿಚ್ಚಿ ಕಟ್ಟುವ ಮನಸ್ಸು ಮಾಲೀಕನಿಗೆ ಇಲ್ಲದಿದ್ದರೆ, ಅದು ಗುಜರಿಗೇ ಸಲ್ಲಬೇಕು. ಆ ತೀರ್ಮಾನ ಪರೀಕ್ಷೆಯಿಂದ ಬರಲಿ, ಹುಟ್ಟಿದ ತಾರೀಕಿನಿಂದ ಬೇಡ. ಸಾರಿಗೆ ಇಲಾಖೆ ಹೊಗೆ, ಬ್ರೇಕು, ಚಾಸಿ ಈ ಮೂರನ್ನು ನೋಡುವ ತಪಾಸಣೆಯನ್ನು ತಾಲ್ಲೂಕು ಕೇಂದ್ರಗಳಿಗೇ ತಂದು ನಡೆಸಲಿ. ಗೆದ್ದ ವಾಹನಕ್ಕೆ ನವೀಕರಣ ಶುಲ್ಕ ಹಿಂದಿನ 600 ರೂಪಾಯಿಯೇ ಇರಲಿ. ತಪಾಸಣೆ ಏಪ್ರಿಲಿನಲ್ಲಿ ನಡೆಯಬೇಕು. ಜೂನ್ ಬಂದ ಮೇಲೆ ಘಟ್ಟದ ಹಳ್ಳಿಗಳಿಂದ ಯಾವ ಕಾರೂ ಸುಮ್ಮನೆ ಪೇಟೆಗೆ ಇಳಿಯುವುದಿಲ್ಲ.