ಸೂಜಿ ಹಾಕಿಸಿದ ತಾರೀಖು ಬರೆದಿಡ್ರಿ, ಪರೀಕ್ಷೆ ನಮ್ಮ ಸಂತೆಗೂ ಕೇಳ್ರಿ

ಪರದೇಶಕ್ಕೆ ಹೋಗುವ ಮೊಟ್ಟೆ, ಜೇನು, ಹಾಲಿನ ಪದಾರ್ಥಗಳಲ್ಲಿ ಔಷಧದ ಅಂಶ ಉಳಿದಿದೆಯೇ ಎಂದು ಪ್ರಯೋಗಾಲಯದಲ್ಲಿ ನೋಡುತ್ತಾರೆ. ನಮ್ಮ ಸಗರನಾಡಿನ ಸಂತೆಯಾಗ ಟಗರಿನ ಹಲ್ಲು ನೋಡ್ತಾರ, ತೂಕ ನೋಡ್ತಾರ. ಯಾವ ಸೂಜಿ ಯಾವಾಗ ಹಾಕಿಸಿದ್ರಿ ಅಂತ ಕೇಳೋರು ಕಡಿಮಿ. ನಾವು ತಿನ್ನೋದಕ್ಕೂ ಅದೇ ಪರೀಕ್ಷೆ ಬೇಕು ಎಂಬುದು ನನ್ನ ಅಭಿಪ್ರಾಯ.

ಕಾನೂನಿಗೇನೂ ಕೊರತೆಯಿಲ್ಲ. ಕೋಳಿ ಬೇಗ ಬೆಳೀಲಿ ಅಂತ ಫೀಡಿನಲ್ಲಿ ಹಾಕುತ್ತಿದ್ದ ಕೊಲಿಸ್ಟಿನ್ ಅನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಮನುಷ್ಯರಿಗೆ ಬೇರೆ ಮದ್ದು ನಾಟದಾಗ ಕೊನೆಗೆ ಕೊಡುವ ಆ್ಯಂಟಿಬಯೋಟಿಕ್ ಅದು. ಇನ್ನು ಸೂಜಿ ಹಾಕಿಸಿದ ಮೇಲೆ ಎಷ್ಟು ದಿನ ಕಾಯಬೇಕು ಎಂಬುದು ಔಷಧದ ಲೇಬಲ್ ಮೇಲೆ ಇರಬೇಕು. ಡಾಕ್ಟರು ಇದಕ್ಕೆ ವಿತ್‌ಡ್ರಾವಲ್ ಪೀರಿಯಡ್ ಅಂತಾರ. ಆ ಔಷಧಕ್ಕೇ ಅಂತ ಅವಧಿ ಗೊತ್ತಾಗಿರದಿದ್ದರೆ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ ಎಂದು ನಿಯಮವಿದೆ.

2018ರಲ್ಲಿ ದೇಶದ 1,103 ಪಟ್ಟಣಗಳಿಂದ 6,432 ಹಾಲಿನ ಮಾದರಿ ತಂದು ಪರೀಕ್ಷಿಸಿದಾಗ 77ರಲ್ಲಿ ಆ್ಯಂಟಿಬಯೋಟಿಕ್ ಮಿತಿ ಮೀರಿತ್ತು. ಸಂಖ್ಯೆ ಸಣ್ಣದು, ಆದರೆ ಕಾಸಿದರೆ ಎಲ್ಲ ಹೋಗ್ತದ ಅನ್ನೋದು ತಪ್ಪು. ಅಂಥ ಹಾಲಿಗೆ ಹೆಪ್ಪು ಹಾಕಿದರೂ ಮೊಸರು ಸರಿಯಾಗಿ ಆಗದೇ ಇರಬಹುದು.

ಮೊದಲ ಹಂತದ ಪರೀಕ್ಷೆ ಕಷ್ಟದ್ದಲ್ಲ. ಬ್ಯಾಕ್ಟೀರಿಯಾ ಇರುವ ನೇರಳೆ ಜೆಲ್ಲಿಗೆ ಹಾಲು ಹಾಕಿ ಸುಮಾರು ಮೂರು ತಾಸು ಬೆಚ್ಚಗಿಡುತ್ತಾರೆ. ಹಳದಿಯಾದರೆ ಸರಿ, ನೇರಳೆಯಾಗೇ ಉಳಿದರೆ ಸಂಶಯ. ಮಾಂಸದ ರಸಕ್ಕೂ ಇಂಥದೇ ಪರೀಕ್ಷೆ ಇದೆ. ತೂಕಕ್ಕಾಗಿ ಕೊಡುವ ಹಾರ್ಮೋನು, ಸ್ಟೀರಾಯ್ಡ್ ಇದರಲ್ಲಿ ಸಿಗುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಬೇಕು. ತಾಲೂಕು ಪಶು ಆಸ್ಪತ್ರೆಗಳಲ್ಲಿ ಮೊದಲ ಪರೀಕ್ಷೆ ಆಗಲಿ. ಸಂಶಯದ ಮಾದರಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಮೂಲಕ ಖಚಿತವಾಗಲಿ.

ಪರೀಕ್ಷೆ ಬಂದ್ರ ಕುರಿಗಾರನ ಮ್ಯಾಲೇ ಕೇಸು ಅಂತ ಹೆದರೋರಿದ್ದಾರ. ಹೆದರಿಕೆ ಸುಳ್ಳಲ್ಲ. ಜಡ್ಡು ಬಿದ್ದ ಕುರಿ ಉಳಿಯೋದು ಡೌಟು ಅನಿಸಿದರೆ ಸೂಜಿ ಹಾಕಿಸಿದ ಮರುದಿನವೇ ಸಂತೆಗೆ ಒಯ್ಯುವುದು ಆಸೆಗಲ್ಲ, ನಷ್ಟದ ಭಯಕ್ಕೆ. 28 ದಿನ ಕಾಯಿ ಅನ್ನುವ ಸರ್ಕಾರ ಅಷ್ಟರಲ್ಲಿ ಕುರಿ ಸತ್ತರೆ ಅನುಗ್ರಹ ಯೋಜನೆಯ ಪರಿಹಾರವನ್ನೂ ತಡಮಾಡದೆ ಕೊಡಬೇಕು. ಮೊದಲ ಸಲ ಸಿಕ್ಕರೆ ದಂಡ ಬ್ಯಾಡ, ಕುರಿ ತಡೆದಿಟ್ಟು ದಿನ ತುಂಬಿದ ಮೇಲೆ ಮಾರಲು ಬಿಡಲಿ. ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಮಾರುವ ಅಂಗಡಿಯನ್ನು ಮೊದಲು ಹಿಡಿಯಲಿ.

ನಮ್ಮ ಕಡೆಯಿಂದ ಆಗುವ ಕೆಲಸ ಇಷ್ಟು: ಸೂಜಿ ಹಾಕಿಸಿದ ಕುರಿಯ ಕೊಂಬಿಗೋ ಕೊರಳಿಗೋ ಬಣ್ಣದ ದಾರ ಕಟ್ಟಿ, ಔಷಧದ ಹೆಸರು, ತಾರೀಖು ವಹಿಯಲ್ಲಿ ಬರೆಯಿರಿ. ಎಷ್ಟು ದಿನ ಕಾಯಬೇಕು ಅಂತ ಡಾಕ್ಟರನ್ನ ಕೇಳದೇ ಬಿಡಬ್ಯಾಡ್ರಿ. ನಾಳೆ ಪರೀಕ್ಷೆ ಬಂದಾಗ ನಿಮ್ಮ ಪರವಾಗಿ ಮಾತಾಡೋದು ಆ ವಹಿನೇ.