ಪುಂಡಿ ಅಂದರೆ ಯಾವ ಪುಂಡಿ?

ಕಳೆದ ಚಳಿಗಾಲದಲ್ಲಿ ಅವ್ವ ವಿಸಿಟ್ ವೀಸಾದಲ್ಲಿ ಅಬುಧಾಬಿಗೆ ಬಂದಿದ್ದಳು. ಒಂದು ಶನಿವಾರ ಒಂದೂವರೆ ತಾಸು ಕಾರು ಓಡಿಸಿ ದುಬೈನ ಕರಾಮಾಕ್ಕೆ ಕರೆದೊಯ್ದೆ. ಕರಾವಳಿ ಕಡೆಯವರ ಹೋಟೆಲು. ಮೆನುವಿನಲ್ಲಿ ‘ಪುಂಡಿ’ ಎಂದಿತ್ತು. ಬಾಗಲಕೋಟೆಯ ಅವ್ವನಿಗೆ ಹಿಗ್ಗೋ ಹಿಗ್ಗು. ಬಂದದ್ದು ಮಾತ್ರ ಹಬೆಯಲ್ಲಿ ಬೇಯಿಸಿದ ಬಿಳಿ ಅಕ್ಕಿ ಉಂಡೆ! ‘ಇದ್ಯಾವ ಪುಂಡಿನೋ ತಮ್ಮಾ, ಹುಳೀನ ಇಲ್ಲ’ ಎಂದಳು. ನಮ್ಮ ಕಡೆ ಪುಂಡಿ ಎಂದರೆ ಹುಳಿ ಸೊಪ್ಪು, ರೊಟ್ಟಿ ಜೊತೆಗಿನ ಪಲ್ಯ. ತಂದುಕೊಟ್ಟ ಮಂಗಳೂರಿನ ಹುಡುಗನಿಗೂ ಅದು ಹೊಸ ಸುದ್ದಿ. ಎಲ್ಲರೂ ನಕ್ಕೆವು. ಅವ್ವ ಉಂಡೆಗೆ ಚಟ್ನಿ ಹಚ್ಚಿಕೊಂಡು ತಿಂದಳು, ಮೆಚ್ಚಿದಳು ಕೂಡ.

ವಾಪಸು ಬರುವಾಗ ಒಂಬತ್ತು ವರ್ಷದ ಮಗಳು ಕೇಳಿದಳು: ‘ಅಪ್ಪಾ, ನಾವೂ ಕರ್ನಾಟಕದವರೇ ಅಲ್ವಾ? ಮತ್ತೆ ನಮ್ಮ ಊಟ ಯಾವ ಹೋಟೆಲಲ್ಲೂ ಯಾಕೆ ಇಲ್ಲ?’

ಉತ್ತರ ಸುಲಭವೇ. ಹೋಟೆಲ್ ಉದ್ಯಮ ಕರಾವಳಿಯವರಿಗೆ ಕರಗತ. ಒಂಟಿಯಾಗಿ ಬಂದ ನನ್ನಂಥ ಎಷ್ಟೋ ಮಂದಿಯ ಹೊಟ್ಟೆ ತುಂಬಿಸಿದ್ದೂ ಅವರೇ. ಅವರ ಮೇಲೆ ನನ್ನ ತಕರಾರಿಲ್ಲ. ತಕರಾರಿರುವುದು ನಮ್ಮೆಲ್ಲರ ಒಂದು ಅಭ್ಯಾಸದ ಮೇಲೆ. ತಿನಿಸಿನ ಊರಿನ ಹೆಸರನ್ನು ನಾವು ಸುಮ್ಮನೆ ಬಿಟ್ಟುಕೊಡುತ್ತೇವೆ. ಚಿಕನ್ ಘೀ ರೋಸ್ಟ್ ಹುಟ್ಟಿದ್ದು ಕುಂದಾಪುರದಲ್ಲಿ. ಇಲ್ಲಿನ ಮೆನುಗಳಲ್ಲಿ ಅದು ‘ಮಂಗಳೂರಿನದು’, ಅಲ್ಲದಿದ್ದರೆ ಬರೀ ‘ದಕ್ಷಿಣ ಭಾರತದ್ದು’. ಅದಕ್ಕೆ ಬಣ್ಣ ಕೊಡುವ ಬ್ಯಾಡಗಿ ಮೆಣಸಿನಕಾಯಿ ಹಾವೇರಿ ಜಿಲ್ಲೆಯದು ಎಂಬುದು ಇನ್ನೆಷ್ಟು ಜನರಿಗೆ ಗೊತ್ತು? ಕೊಡಗಿನ ಕಡಂಬುಟ್ಟು, ಮಂಡ್ಯದ ಮುದ್ದೆ–ಬಸ್ಸಾರು, ನಮ್ಮ ಜೋಳದ ರೊಟ್ಟಿ ಇವಕ್ಕಂತೂ ಮೆನುವಿನಲ್ಲಿ ಜಾಗ ಸಿಗುವುದೇ ಅಪರೂಪ.

ನನ್ನ ಆಫೀಸಿನಲ್ಲಿ ಬೊಲೋನ್ಯಾ ನಗರದ ಇಟಾಲಿಯನ್ ಒಬ್ಬನಿದ್ದಾನೆ. ಕ್ಯಾಂಟೀನಿನಲ್ಲಿ ‘ಸ್ಪಾಗೆಟಿ ಬೊಲೊನೀಸ್’ ಕಂಡರೆ ಅವನ ಮುಖ ಹುಳ್ಳಗಾಗುತ್ತದೆ. ಅವನೂರಿನಲ್ಲಿ ಆ ಮಾಂಸದ ಸಾಸನ್ನು ತಿನ್ನುವುದು ಟಾಲಿಯಾಟೆಲ್ಲೆ ಎಂಬ ಅಗಲ ಎಳೆಯ ಪಾಸ್ತಾದೊಂದಿಗೆ. ಅದರ ಪಾಕವಿಧಾನವನ್ನು 1982ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿಯೂ ಇಟ್ಟಿದ್ದಾರೆ. ಅವನ ಬಾಯಲ್ಲಿ ‘ಇಟಾಲಿಯನ್ ಊಟ’ ಎಂಬ ಮಾತೇ ಬರುವುದಿಲ್ಲ. ಪೆಸ್ಟೊ ಜಿನೋವಾದ್ದು, ಪಿಜ್ಜಾ ನೇಪಲ್ಸಿನದು. ನೇಪಲ್ಸಿನ ಪಿಜ್ಜಾ ಮಾಡುವವರ ಕಲೆ 2017ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ನಾವಿರುವ ಈ ನಾಡಿನವರೂ ಓಮನ್, ಸೌದಿ ಜೊತೆಗೂಡಿ ತಮ್ಮ ಗೋಧಿ–ಮಾಂಸದ ಹರೀಸನ್ನು 2023ರಲ್ಲಿ ಅದೇ ಪಟ್ಟಿಗೆ ಸೇರಿಸಿದರು. ಊರಿನ ಹೆಸರು ಗಟ್ಟಿಯಾಗಿರುವುದರಿಂದಲೇ ಜನ ಆ ರುಚಿಗಾಗಿ ಆ ಊರಿಗೆ ಹೋಗುತ್ತಾರೆ. (ಉತ್ತರ ಇಟಲಿಯ ಪೊಲೆಂಟಾ ನಮ್ಮ ಲೆಕ್ಕದಲ್ಲಿ ಮೆಕ್ಕೆಜೋಳದ ಮುದ್ದೆಯೇ. ದೊಡ್ಡ ಹೋಟೆಲಿನಲ್ಲಿ ಅದನ್ನು ಕೇಳುವ ಮುನ್ನ ಬೆಲೆ ನೋಡಿಕೊಳ್ಳಿ.)

ನಮ್ಮಲ್ಲೂ ಧಾರವಾಡ ಪೇಡಾಕ್ಕೆ, ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಮಾನ್ಯತೆ ಇದೆ. ಆದರೆ ಕಾಗದ ಇದ್ದರೆ ಸಾಲದು, ಕೇಳುವ ಬಾಯಿ ಬೇಕು. ನಮ್ಮ ಪುಂಡಿ ಸೊಪ್ಪು ಇಲ್ಲಿನ ತರಕಾರಿ ಅಂಗಡಿಗಳಲ್ಲಿ ಸಿಗುತ್ತದೆ, ‘ಗೋಂಗೂರ’ ಎಂಬ ಹೆಸರಿನಲ್ಲಿ. ತೆಲುಗರು ಹೆಸರು ಹಿಡಿದು ಕೇಳಿದರು, ಅಂಗಡಿಯವನು ತರಿಸಿದ. ನಾವು ಕೇಳಿದ್ದೇವೆಯೇ?

ರೊಟ್ಟಿ ಯಾಕೆ ಇಡುವುದಿಲ್ಲ ಎಂದು ಒಬ್ಬ ಹೋಟೆಲ್ ಮಾಲೀಕರನ್ನು ಕೇಳಿದ್ದೆ. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ಬಡಿಯುವ ಕೈ ಸಿಗುವುದಿಲ್ಲ, ಒಬ್ಬರಿಗಾಗಿ ವೀಸಾ, ವಸತಿ ಎಂದರೆ ಗಿಟ್ಟುವುದಿಲ್ಲ ಎಂದರು. ಅವರ ಮಾತು ನ್ಯಾಯವೇ. ಹಾಗಾಗಿ ಈ ಕೆಲಸ ಹೋಟೆಲಿಗಿಂತ ಮೊದಲು ನಮ್ಮ ಕನ್ನಡ ಸಂಘಗಳದು. ರೊಟ್ಟಿ ಬಡಿಯುವ, ನೂಪುಟ್ಟು ಒತ್ತುವ, ಪತ್ರೊಡೆ ಸುತ್ತುವ ಕೈಗಳು ಶಾರ್ಜಾದಿಂದ ಅಬುಧಾಬಿವರೆಗೆ ನಮ್ಮ ಮನೆಗಳಲ್ಲೇ ಇವೆ. ಭಟ್ಕಳದ ನವಾಯತರ, ಮಂಗಳೂರಿನ ಬ್ಯಾರಿಗಳ ಅಡುಗೆಮನೆಗಳೂ ಇಲ್ಲಿವೆ. ಆದರೂ ರಾಜ್ಯೋತ್ಸವಕ್ಕೆ ನಾವು ಉಣ್ಣುವುದು ಅದೇ ಪಲಾವು, ಅದೇ ಬಿಸಿಬೇಳೆಬಾತ್. ಈ ನವೆಂಬರಿನಲ್ಲಿ ಒಂದು ಪಂಕ್ತಿಯನ್ನಾದರೂ ಊರಿನ ಹೆಸರಿನ ಚೀಟಿ ಹಚ್ಚಿದ ಅಡುಗೆಗೆ ಬಿಡೋಣ. ವೇದಿಕೆಯ ಸನ್ಮಾನದಲ್ಲಿ ನಾಲ್ಕು ಶಾಲು ಕಡಿಮೆಯಾದರೆ ಯಾರೂ ಬೇಸರ ಮಾಡಿಕೊಳ್ಳಲಾರರು.

ಅವಸರವೂ ಇದೆ. ರೊಟ್ಟಿ ಬಡಿಯುವುದು ಅವ್ವನಿಗೆ ಬರುತ್ತದೆ, ನನ್ನ ಹೆಂಡತಿಗೆ ಅಷ್ಟಿಷ್ಟು ಬರುತ್ತದೆ, ನನಗೆ ಬರುವುದಿಲ್ಲ. ಮಗಳು ಯಾರಿಂದ ಕಲಿಯಬೇಕು?

ಜುಲೈ ರಜೆಗೆ ಪ್ರತಿ ಸಲ ಬೆಂಗಳೂರಿಗೆ ಇಳಿದು ನೇರ ಬಾಗಲಕೋಟೆಗೆ ಹೋಗುತ್ತಿದ್ದೆವು. ಈ ಸಲ ಮಂಗಳೂರಿಗೆ ಟಿಕೆಟ್ ಮಾಡಿಸಿದ್ದೇನೆ. ಅಲ್ಲಿ ಪುಂಡಿ, ಕುಂದಾಪುರದಲ್ಲಿ ಘೀ ರೋಸ್ಟ್, ದಾರಿಯಲ್ಲಿ ಧಾರವಾಡದ ಪೇಡಾ, ಕೊನೆಗೆ ಅವ್ವನ ಒಲೆ ಮುಂದೆ ಇನ್ನೊಂದು ಪುಂಡಿ. ಪಟ್ಟಿ ಬರೆದವಳು ಮಗಳು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ.