ನರ್ಸ್ ತಪ್ಪೊಪ್ಪಿಕೊಂಡರೆ ಯಾರಿಗೆ ನಷ್ಟ?

ಇನ್ಸುಲಿನ್ ಸಿರಿಂಜಿನಲ್ಲಿ ಎರಡು ಬಗೆ. ಕೆಂಪು ಮುಚ್ಚಳದ್ದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ, ಕಿತ್ತಳೆ ಮುಚ್ಚಳದ್ದು 100 ಯೂನಿಟ್ ಇರುವುದಕ್ಕೆ. ನಮ್ಮ ಆಸ್ಪತ್ರೆಗಳಲ್ಲಿ ಎರಡೂ ಬಳಕೆಯಲ್ಲಿವೆ. ವಾರ್ಡಿನ ಒಂದೇ ಫ್ರಿಜ್ಜಿನಲ್ಲಿ ಎರಡೂ ಅಕ್ಕಪಕ್ಕ ಕುಳಿತಿರುವುದೂ ಉಂಟು. ನೈಟ್ ಡ್ಯೂಟಿಯ ಗಡಿಬಿಡಿಯಲ್ಲಿ 100ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್ ಚುಚ್ಚಿ 20ರ ಗೆರೆಯವರೆಗೆ ಎಳೆದರೆ, ರೋಗಿಯ ಮೈಗೆ ಹೋಗುವುದು 50 ಯೂನಿಟ್. ಆಮೇಲೆ ರೋಗಿ ಬೆವರತೊಡಗುತ್ತಾರೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ. ಆ ಹೊತ್ತಿಗೆ ಯಾರಾದರೂ ಬೆರಳು ಚುಚ್ಚಿ ಸಕ್ಕರೆ ನೋಡಿ ಡೆಕ್ಸ್‌ಟ್ರೋಸ್ ಕೊಟ್ಟರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ತಡವಾದರೆ ಫಿಟ್ಸ್, ಪ್ರಜ್ಞೆ ತಪ್ಪುವುದು, ಮಿದುಳಿಗೆ ಹಾನಿ, ಸಾವೂ ಬರಬಹುದು.

ರೋಗಿ ಉಳಿಯುತ್ತಾರೋ ಇಲ್ಲವೋ ಎನ್ನುವುದು ಇಲ್ಲಿ ಬಹುಮಟ್ಟಿಗೆ ಒಂದು ಮಾತಿನ ಮೇಲೆ ನಿಂತಿದೆ: ‘ಡಾಕ್ಟ್ರೇ, ಡೋಸ್ ತಪ್ಪಾಯ್ತು.’ ಆ ಮಾತು ಹೇಳಬೇಕಾದವಳು ಬಿಎಸ್ಸಿ ನರ್ಸಿಂಗ್ ಮುಗಿಸಿ ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ. ಪ್ರೊಬೇಷನ್ ಮುಗಿದಿಲ್ಲ. ಖಾಸಗಿ ಆಸ್ಪತ್ರೆಯಾಗಿದ್ದರೆ ಬಾಂಡ್ ಹೆಸರಿನಲ್ಲಿ ಅವಳ ಒರಿಜಿನಲ್ ಮಾರ್ಕ್ಸ್‌ಕಾರ್ಡು ಮ್ಯಾನೇಜ್‌ಮೆಂಟಿನ ಬೀರುವಿನಲ್ಲಿರಬಹುದು. ಕಾಲೇಜು ಫೀಸಿಗೆ ಮಾಡಿದ ಸಾಲಕ್ಕೆ ಊರಿನಲ್ಲಿ ಬಡ್ಡಿ ಬೆಳೆಯುತ್ತಿದೆ.

ಹೊಸ ನರ್ಸ್ ತನ್ನ ಮೊದಲ ದೊಡ್ಡ ತಪ್ಪನ್ನು ಹೇಗೆ ತಾಳಿಕೊಳ್ಳಬೇಕು ಎಂದು ಕೇಳಿದರೆ ಸಿಗುವ ಉಪದೇಶ ಗೊತ್ತಿರುವಂಥದ್ದೇ. ಧೈರ್ಯವಾಗಿರು, ಮುಂದೆ ಹುಷಾರಾಗಿರು, ಎಲ್ಲರಿಗೂ ಆಗುತ್ತೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಅವಳು ಏಳುವುದೂ ಬೀಳುವುದೂ ಬಾಯಿಬಿಟ್ಟ ಮೇಲೆ ಏನಾಗುತ್ತದೆ ಎಂಬುದರ ಮೇಲೆ. ಈ ವಿಷಯದಲ್ಲಿ ನಮ್ಮ ವಾರ್ಡುಗಳ ರೂಢಿಯೂ ನಮ್ಮ ಕಾನೂನೂ ಅವಳಿಗೆ ಕೊಡುತ್ತಿರುವ ಸಲಹೆ ಒಂದೇ: ಮುಚ್ಚಿಡು.

ತಪ್ಪಿನ ದಾರಿಗಳೇನೂ ನಿಗೂಢವಲ್ಲ. ಕೇಸ್‌ಶೀಟಿನಲ್ಲಿ ಅವಸರದಿಂದ ಗೀಚಿದ ‘10U’ ಎಂಬುದು 100 ಆಗಿ ಕಾಣುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲ್ ಟ್ರೇಯಲ್ಲಿ ಬೇರೊಂದು ಆಂಪ್ಯೂಲಿನ ಅವಳಿಯಂತೆ ಬಿದ್ದಿರುತ್ತದೆ. ಅದನ್ನು ದುರ್ಬಲಗೊಳಿಸದೆ ನೇರ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲುತ್ತದೆ. ಡಾಕ್ಟರ್ ಫೋನಿನಲ್ಲಿ ಹೇಳಿದ ಆರ್ಡರ್ ಗದ್ದಲದಲ್ಲಿ ಅರ್ಧ ಕೇಳಿಸುತ್ತದೆ. ಔಷಧಿ ಎಳೆಯುತ್ತಿರುವಾಗಲೇ ‘ಸಿಸ್ಟರ್, ಡ್ರಿಪ್ ಖಾಲಿಯಾಯ್ತು’ ಎಂದು ನಾಲ್ಕನೇ ಬೆಡ್ಡಿನವರ ಕೂಗು. ಬೋಧನಾ ಆಸ್ಪತ್ರೆಗಳಲ್ಲಿ ಮೂರು ರೋಗಿಗಳಿಗೆ, ಸಾಮಾನ್ಯ ಆಸ್ಪತ್ರೆಗಳಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ರಾತ್ರಿ ಹತ್ತರ ಮೇಲೆ ಯಾವುದಾದರೂ ಜನರಲ್ ವಾರ್ಡಿಗೆ ಹೋಗಿ ತಲೆ ಎಣಿಸಿದವರಿಗೆ ಆ ಮಾನದಂಡದ ಬೆಲೆ ತಿಳಿಯುತ್ತದೆ. ಹಳಬರು ಇಂಥ ಬಲೆಗಳನ್ನು ರೂಢಿಯಿಂದ ದಾಟಿಬಿಡುತ್ತಾರೆ. ಹೊಸಬಳಿಗೆ ಆ ರೂಢಿ ಇನ್ನೂ ಬಂದಿರುವುದಿಲ್ಲ, ‘ಇದು ಸರಿಯಾ ನೋಡಿ’ ಎಂದು ಕೇಳಲು ಸಂಕೋಚ ಬೇರೆ.

ಅಮೆರಿಕದ ವೈದ್ಯಕೀಯ ಸಂಸ್ಥೆ 1999ರಲ್ಲಿ ಪ್ರಕಟಿಸಿದ ‘ಟು ಎರ್ ಈಸ್ ಹ್ಯೂಮನ್’ ವರದಿ, ಆ ದೇಶದ ಆಸ್ಪತ್ರೆಗಳಲ್ಲಿ ತಡೆಯಬಹುದಾದ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿದ್ದಾರೆ ಎಂದು ಅಂದಾಜಿಸಿತ್ತು. ಕೆಟ್ಟ ವ್ಯಕ್ತಿಗಳಿಗಿಂತ ಕೆಟ್ಟ ವ್ಯವಸ್ಥೆಯನ್ನು ಹುಡುಕಿ ಸರಿಪಡಿಸಿ ಎಂಬುದು ಅದರ ತಿರುಳು. ಮರುವರ್ಷವೇ ವೈದ್ಯ ಆಲ್ಬರ್ಟ್ ವೂ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆಯುತ್ತ, ತಪ್ಪಿನ ಪೆಟ್ಟು ಮೊದಲು ರೋಗಿಗೆ, ನಂತರ ತಪ್ಪು ಮಾಡಿದವರಿಗೂ ಬೀಳುತ್ತದೆ ಎಂಬುದನ್ನು ಮುಂದಿಟ್ಟರು. ಅದೇ ಅಮೆರಿಕ ಈ ಪಾಠವನ್ನು ಎಷ್ಟು ಸಲೀಸಾಗಿ ಮರೆಯಿತು ಎಂಬುದಕ್ಕೆ ನ್ಯಾಶ್‌ವಿಲ್‌ನ ಪ್ರಕರಣ ಸಾಕ್ಷಿ. 2017ರ ಡಿಸೆಂಬರಿನಲ್ಲಿ ರಡೋಂಡಾ ವಾಟ್ ಎಂಬ ನರ್ಸ್ 75 ವರ್ಷದ ರೋಗಿಗೆ ಆತಂಕ ಇಳಿಸುವ ವರ್ಸೆಡ್ ತೆಗೆಯಲು ಔಷಧಿ ಯಂತ್ರದಲ್ಲಿ ಮೊದಲ ಎರಡು ಅಕ್ಷರ ಒತ್ತಿದರು. ಯಂತ್ರದಲ್ಲಿ ಆ ಔಷಧಿ ಇದ್ದದ್ದು ಮಿಡಜೋಲಾಮ್ ಎಂಬ ಇನ್ನೊಂದು ಹೆಸರಿನಲ್ಲಿ. ಕೈಗೆ ಬಂದದ್ದು ಸ್ನಾಯುಗಳನ್ನೇ ಸ್ತಬ್ಧಗೊಳಿಸುವ ವೆಕ್ಯುರೋನಿಯಂ. ರೋಗಿ ಉಳಿಯಲಿಲ್ಲ. ವಾಟ್ ಎಚ್ಚರಿಕೆಯ ಸೂಚನೆಗಳನ್ನು ದಾಟಿದ್ದು ನಿಜ. ತಪ್ಪು ತಿಳಿದ ಕೂಡಲೇ ಒಪ್ಪಿಕೊಂಡಿದ್ದೂ ನಿಜ. ಆಸ್ಪತ್ರೆ ಕುಟುಂಬದೊಂದಿಗೆ ಗುಟ್ಟಾಗಿ ರಾಜಿ ಮಾಡಿಕೊಂಡಿತು. ನರ್ಸ್‌ನ ಲೈಸೆನ್ಸ್ ಹೋಯಿತು, 2022ರಲ್ಲಿ ಅಪರಾಧಿ ಎಂದು ತೀರ್ಪಾಯಿತು, ಮೂರು ವರ್ಷದ ಪ್ರೊಬೇಷನ್ ಶಿಕ್ಷೆ ಬಿತ್ತು. ಇನ್ನು ಮೇಲೆ ಯಾರು ತಪ್ಪು ಹೇಳಿಕೊಳ್ಳುತ್ತಾರೆ ಎಂದು ಆ ದೇಶದ ನರ್ಸ್‌ಗಳು ಬೀದಿಗಿಳಿದು ಕೇಳಿದರು. ಪಕ್ಕದ ಕೆಂಟಕಿ ರಾಜ್ಯ 2024ರಲ್ಲಿ ಆರೋಗ್ಯ ಸಿಬ್ಬಂದಿಯ ಪ್ರಾಮಾಣಿಕ ತಪ್ಪುಗಳನ್ನು ಕ್ರಿಮಿನಲ್ ಮೊಕದ್ದಮೆಯಿಂದ ಹೊರಗಿಡುವ ಕಾನೂನು ಮಾಡಿತು.

ನಾವು ಮಾಡಿದ್ದು ಇದಕ್ಕೆ ತದ್ವಿರುದ್ಧ. ಹಳೆಯ ಐಪಿಸಿಯ 304ಎ ಕಲಮಿನಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ ಗರಿಷ್ಠ ಶಿಕ್ಷೆ ಎರಡು ವರ್ಷ. ವೈದ್ಯರಿಗೂ ಅಷ್ಟೇ, ನರ್ಸ್‌ಗೂ ಅಷ್ಟೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(1) ಇದನ್ನು ಐದು ವರ್ಷಕ್ಕೇರಿಸಿತು. ವೈದ್ಯರ ಸಂಘ ಮನವಿ ಕೊಟ್ಟಿತು, ಸರ್ಕಾರ ಒಪ್ಪಿತು, ನೋಂದಾಯಿತ ವೈದ್ಯರಿಗೆ ಮಾತ್ರ ಎರಡೇ ವರ್ಷ ಉಳಿಯಿತು. ಯಾರು ನೋಂದಾಯಿತ ವೈದ್ಯರು ಎಂಬುದಕ್ಕೆ ಅದೇ ಕಲಮಿನ ವಿವರಣೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯತ್ತ ಬೆರಳು ತೋರಿಸುತ್ತದೆ. ನರ್ಸ್‌ಗಳು ಆ ಕಾಯ್ದೆಯಲ್ಲಿಲ್ಲ. ಹಾಗಾಗಿ ಒಂದೇ ಆಪರೇಷನ್ ಥಿಯೇಟರಿನಲ್ಲಿ, ಒಂದೇ ರೋಗಿಯ ಸಾವಿನಲ್ಲಿ, ತಪ್ಪಾಗಿ ಬರೆದ ಡಾಕ್ಟರಿಗೆ ಎರಡು ವರ್ಷ, ಬರೆದದ್ದನ್ನು ನಂಬಿ ಕೊಟ್ಟ ನರ್ಸ್‌ಗೆ ಐದು ವರ್ಷದವರೆಗೆ ಎಂಬ ಸ್ಥಿತಿ. ನರ್ಸ್‌ಗಳಿಗೂ ರಾಷ್ಟ್ರೀಯ ರಿಜಿಸ್ಟರ್ ಬೇಕೆಂದು ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಮಾಡಿದ್ದೂ ಇದೇ ಸಂಸತ್ತು, ನ್ಯಾಯ ಸಂಹಿತೆಯನ್ನು ಅಂಗೀಕರಿಸಿದ ಅದೇ 2023ರಲ್ಲಿ. ಇವರ ಪರವಾಗಿ ದೆಹಲಿಯಲ್ಲಿ ಮನವಿ ಕೊಡುವವರಿರಲಿಲ್ಲ ಎನ್ನಬೇಕೋ, ಕೊಟ್ಟರೂ ಕಿವಿಗೊಡುವವರಿರಲಿಲ್ಲ ಎನ್ನಬೇಕೋ!

ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಕೊಟ್ಟ ಮಾರ್ಗಸೂಚಿಯ ಕಥೆಯೂ ಹೀಗೇ. ಸಾಮಾನ್ಯ ಎಡವಟ್ಟು ಕ್ರಿಮಿನಲ್ ಅಪರಾಧವಲ್ಲ, ಘೋರ ನಿರ್ಲಕ್ಷ್ಯ ಇರಬೇಕು, ತನಿಖಾಧಿಕಾರಿ ಮೊದಲು ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು, ಸುಮ್ಮನೆ ಬಂಧಿಸುವಂತಿಲ್ಲ. ವಿವೇಕದ ತೀರ್ಪು. ಆದರೆ ಅದರ ಮಾತೆಲ್ಲ ವೈದ್ಯರ ಕುರಿತದ್ದು.

ಹಾಗೆಂದು ನರ್ಸ್ ಮಾಡಿದ್ದಕ್ಕೆಲ್ಲ ಮಾಫಿ ಕೊಡಬೇಕೆಂದಲ್ಲ. 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಏಳು ವರ್ಷದ ಹುಡುಗನ ಕೆನ್ನೆಯ ಗಾಯಕ್ಕೆ ನರ್ಸ್ ಹೊಲಿಗೆಯ ಬದಲು ಫೆವಿಕ್ವಿಕ್ ಹಚ್ಚಿದ್ದು ಎಲ್ಲರಿಗೂ ನೆನಪಿದೆ. ಅದು ಕೈತಪ್ಪಲ್ಲ, ತಿಳಿದೇ ಮಾಡಿದ ಕೆಲಸ. ಬಹಳ ದಿನದಿಂದ ಹೀಗೇ ಮಾಡುತ್ತಿದ್ದೇನೆ ಎಂದು ಆಕೆಯೇ ಸಮರ್ಥಿಸಿಕೊಂಡರು. ಶಿಸ್ತು ಕ್ರಮ ಬೇಕಿತ್ತು. ಆದರೆ ಆದದ್ದೇನು? ಮೊದಲು ಬೇರೆ ಊರಿಗೆ ವರ್ಗಾವಣೆ, ವಿಡಿಯೊ ಹರಿದಾಡಿ ಗದ್ದಲವೆದ್ದ ಮೇಲೆ ಅಮಾನತು. ಅಂಥ ಅಭ್ಯಾಸ ಮೇಲಿನವರ ಕಣ್ಣಿಗೆ ಬೀಳದೆ ಹೇಗೆ ನಡೆಯಿತು ಎಂಬ ಪ್ರಶ್ನೆ ಅಮಾನತಿನ ಸದ್ದಿನಲ್ಲಿ ಕೇಳಿಸಲಿಲ್ಲ. ತಿಳಿದು ಮಾಡಿದವರನ್ನೂ ತಿಳಿಯದೆ ಎಡವಿದವರನ್ನೂ ಒಂದೇ ಆದೇಶದಲ್ಲಿ ಅಮಾನತು ಮಾಡುವ ಇಲಾಖೆ, ಎಡವಿದವರಿಗೆ ಬಾಯಿ ಮುಚ್ಚಿಕೊಂಡಿರಲು ಕಲಿಸುತ್ತದೆ.

ಇಷ್ಟಾದರೂ ಈ ರಾತ್ರಿ ತಪ್ಪು ಮಾಡಿ ಕೈಕಾಲು ಬಿಟ್ಟು ನಿಂತ ಹುಡುಗಿ ಕಾನೂನು ತಿದ್ದುಪಡಿಗೆ ಕಾಯಲಾಗದು. ಅವಳಿಗೆ ಹೇಳಬೇಕಾದದ್ದು ಇಷ್ಟು: ಮೊದಲು ರೋಗಿಯನ್ನು ನೋಡು. ನಾಡಿ, ಬಿಪಿ, ಸಕ್ಕರೆ ನೋಡಿ ಡ್ಯೂಟಿ ಡಾಕ್ಟರಿಗೆ ಯಾವ ಔಷಧಿ, ಎಷ್ಟು, ಎಷ್ಟು ಗಂಟೆಗೆ ಎಂದು ಅಳುಕದೆ ಹೇಳು. ಇನ್‌ಚಾರ್ಜ್ ಸಿಸ್ಟರನ್ನು ಎಬ್ಬಿಸು, ಬೈದರೆ ಬೈಸಿಕೋ. ಖಾಲಿ ಆಂಪ್ಯೂಲ್, ಸಿರಿಂಜ್ ಎಸೆಯಬೇಡ. ಕೇಸ್‌ಶೀಟಿನಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆ, ಹಳೆಯ ಸಾಲಿಗೆ ವೈಟ್ನರ್ ಹಚ್ಚಬೇಡ. ತಪ್ಪು ಡೋಸಿಗೆ ಕೋರ್ಟಿನಲ್ಲಿ ವಿವರಣೆ ಇರಬಹುದು, ತಿದ್ದಿದ ಕೇಸ್‌ಶೀಟಿಗೆ ಇರುವುದಿಲ್ಲ. ರೋಗಿಯ ಮನೆಯವರಿಗೆ ಸತ್ಯ ತಿಳಿಯುವ ಹಕ್ಕಿದೆ. ಆ ಮಾತನ್ನು ಅವಳೊಬ್ಬಳ ಮೇಲೆ ಹೊರಿಸದೆ ಹಿರಿಯ ವೈದ್ಯರು ಜೊತೆಗೆ ನಿಂತು ಹೇಳಬೇಕು.

ಆಮೇಲಿನ ದಿನಗಳು ಇನ್ನೂ ಕಷ್ಟ. ನಿದ್ದೆ ಬರುವುದಿಲ್ಲ, ಬಂದರೆ ಅದೇ ಬೆಡ್ಡು. ಮಾತ್ರೆಯೊಂದನ್ನು ಕೊಡಲೂ ಕೈ ಹಿಂಜರಿಯುತ್ತದೆ. ಕೆಲಸವೇ ಬೇಡವೆನಿಸುತ್ತದೆ. ಹೀಗಿರುವವಳನ್ನು ಮರುದಿನ ಹ್ಯಾಂಡೋವರ್‌ನಲ್ಲಿ ಎಲ್ಲರೆದುರು ನಿಲ್ಲಿಸಿ ಪಾಠ ಮಾಡುವ ವಾರ್ಡು ಇನ್ನೊಂದು ತಪ್ಪಿಗೆ ತಾನೇ ಏರ್ಪಾಡು ಮಾಡಿಕೊಳ್ಳುತ್ತಿದೆ. ಕೆಲವು ದಿನ ಹಿರಿಯಳೊಬ್ಬಳು ಅವಳ ಜೊತೆ ಔಷಧಿ ಪರಿಶೀಲಿಸಿದರೆ ಸಾಕು, ಆತ್ಮವಿಶ್ವಾಸ ಮರಳುತ್ತದೆ. ವಾರ್ಡಿನಲ್ಲಿ ಮನಸ್ಸು ಬಿಚ್ಚಲು ಯಾರೂ ಇಲ್ಲವೆಂದಾದರೆ 14416ಕ್ಕೆ ಕರೆ ಮಾಡಬಹುದು. 2022ರಲ್ಲಿ ಶುರುವಾದ, ಬೆಂಗಳೂರಿನ ನಿಮ್ಹಾನ್ಸ್ ಮುನ್ನಡೆಸುವ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸರ್ಕಾರಕ್ಕೆ ಕೇಳಬೇಕಾದದ್ದು ದೊಡ್ಡದೇನಲ್ಲ. 106ನೇ ಕಲಮಿನ ವಿವರಣೆಯಲ್ಲಿ ನೋಂದಾಯಿತ ನರ್ಸ್‌ಗಳನ್ನೂ ಸೇರಿಸುವುದು ಸಂಸತ್ತಿನ ಕೆಲಸ. ಅದಕ್ಕೆ ಕಾಲ ಹಿಡಿಯುತ್ತದೆ. ಪೊಲೀಸರು ನರ್ಸ್‌ಗಳ ಮೇಲೆ ಕ್ರಮ ಕೈಗೊಳ್ಳುವ ಮುನ್ನ ತಜ್ಞರ ಅಭಿಪ್ರಾಯ ಪಡೆಯುವಂತೆ ಸುತ್ತೋಲೆ ಹೊರಡಿಸುವುದು ರಾಜ್ಯದ ಕೈಯಲ್ಲೇ ಇದೆ. ಕೇರಳ ಹೈಕೋರ್ಟ್ 2024ರಲ್ಲಿ ಅಲ್ಲಿನ ಸರ್ಕಾರಕ್ಕೆ ಇಂಥದ್ದೇ ನಿರ್ದೇಶನ ಕೊಟ್ಟಿದೆ. ದೇಶಕ್ಕೂ ಹೊರದೇಶಕ್ಕೂ ನರ್ಸ್‌ಗಳನ್ನು ತಯಾರು ಮಾಡಿ ಕಳಿಸುವ ನಮ್ಮ ರಾಜ್ಯದ ಗೃಹ ಮತ್ತು ಆರೋಗ್ಯ ಇಲಾಖೆಗಳು ಅಂಥದೊಂದು ಸುತ್ತೋಲೆಗೆ ಕೋರ್ಟ್ ಹೇಳಲಿ ಎಂದು ಕಾಯಬೇಕಾಗಿಲ್ಲ.